ಉಡಿ ತುಂಬಿದ ಮೇಲೆ ಬಾಡಿಗೆ ಎಲ್ಲಿಯದು

೭ ಜುಲೈ ೨೦೨೫, ಬೆಳಿಗ್ಗೆ ೭.೧೦

ಶಹಾಬಾದ್ ಪಟ್ಟಣದ ಚರಿತ್ರೆಯಲ್ಲಿ ಬರೆದಿಡಬೇಕಾದ ದಿನ. ಇಂದು ನಮ್ಮ ಮನೆಯ ಗೇಟಿಗೆ ಎಣ್ಣೆ ಹಾಕಲಾಯಿತು.

ಹಾಕಿದವರು — ದಾನೇಶ್ವರಿ, ಪ್ರೌಢಶಾಲೆಯ ಗಣಿತ ಟೀಚರ್, ವಯಸ್ಸು ಮೂವತ್ತೊಂಬತ್ತು, ಅವಿವಾಹಿತೆ, ಅಂದರೆ ನಾನು. ಸಾಕ್ಷಿ — ವಿಮಲಾಬಾಯಿ, ಅಂದರೆ ಅವ್ವ, ಕಟ್ಟೆಯ ಮೇಲೆ ಕುಳಿತು ಮೆಂತ್ಯಪಲ್ಲೆ ಸೋಸುತ್ತ. ಎಣ್ಣೆ — ಕುಸುಬಿ. ಮಷೀನ್ ಎಣ್ಣೆ ತರುವುದನ್ನು ಮೂರು ವರ್ಷದಿಂದ ತಪ್ಪದೆ ಮರೆಯುತ್ತಿದ್ದೇನೆ.

ಪರಿಣಾಮ — ಏನೂ ಇಲ್ಲ. ಗೇಟಿನ ಕೆಳಗಿನ ಪಟ್ಟಿ ಅಂಗಳದ ಫರಸಿ ಕಲ್ಲಿಗೆ ಉಜ್ಜಿ ಮೊದಲಿನ ಹಾಗೇ ಕಿರ್ರ್ ಎಂದಿತು. ದೋಷ ಕೀಲಿನದಲ್ಲವಂತೆ, ಗೇಟೇ ಜೋತುಬಿದ್ದಿದೆಯಂತೆ. ಇದನ್ನು ಅವ್ವ ಎಣ್ಣೆ ಮುಗಿದ ಮೇಲೆ ಹೇಳಿದಳು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಅವಳಿಗೆ ಆ ಸದ್ದು ಬೇಕು. ಒಳಗೆ ರೊಟ್ಟಿ ಬಡಿಯುತ್ತಲೇ ಬಂದವರು ಯಾರೆಂದು ಹೇಳಬಲ್ಲಳು. ಹಾಲಿನವನದು ಗಿಡ್ಡ ಕಿರ್ರ್. ಪಕ್ಕದ ಮನೆಯ ಮಹೆವಿಶಳದು ತಡೆತಡೆದು, ಎರಡು ಕಂತಿನಲ್ಲಿ. ನನ್ನದು ಸಿಟ್ಟಿನದು.

ಇನ್ನೊಂದು ಸಣ್ಣ ಸುದ್ದಿ. ವರ್ಗಾವಣೆ ಆರ್ಡರ್ ಬಂತು. ಚಿಂಚೋಳಿ ತಾಲೂಕು, ಐನಾಪುರ. ಆಗಸ್ಟ್ ಒಂದಕ್ಕೆ ಹಾಜರಾಗಬೇಕು. ಮೂರು ಬಸ್ಸು, ಒಂದು ಟಂಟಂ ಆಟೋ.

೯ ಜುಲೈ

ಅವ್ವನ ಜೊತೆ ದುಂಡುಮೇಜಿನ ಪರಿಷತ್ತು. ಮೇಜು ಇಲ್ಲ, ನೆಲ. ನಿರ್ಣಯ: ಇಬ್ಬರೂ ಐನಾಪುರಕ್ಕೆ ಹೋಗುವುದು. ಈ ಮನೆ ಬಾಡಿಗೆಗೆ ಕೊಡುವುದು. ಇಲ್ಲಿ ಬಂದದ್ದನ್ನು ಅಲ್ಲಿ ಕೊಡುವುದು. ಸಂಬಳ ಎಂದಿನಂತೆ ಕಂತಿಗೆ.

ಕಂತು ಎಂದರೆ ಈ ಮನೆಯದೇ. ಮನೆ ನನ್ನ ಹೆಸರಿನಲ್ಲಿದೆ. ಮನೆಯ ಕಾಗದಪತ್ರ ಕಲಬುರಗಿಯ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯ ಕಪಾಟಿನಲ್ಲಿದೆ. ಇನ್ನು ಹದಿಮೂರು ವರ್ಷ ಕಟ್ಟಿದರೆ ಎರಡೂ ಒಂದೇ ಸೂರಿನಡಿ ಸೇರುತ್ತವೆ.

ಸಂಜೆ ಸಾಲದ ಕರಾರುಪತ್ರ ತೆಗೆದು ಓದಿದೆ. ನಲವತ್ತೆರಡು ಪುಟ. ಸಹಿ ಮಾಡಿದ ದಿನ ಓದಿರಲಿಲ್ಲ. ಓದುವವರಿಗೆ ಬಹುಶಃ ಸಾಲ ಕೊಡುವುದಿಲ್ಲ. ಪುಟ ಮೂವತ್ತೊಂದು: ಕಂಪನಿಯ ಲಿಖಿತ ಅನುಮತಿ ಇಲ್ಲದೆ ಮನೆಯನ್ನು ಬಾಡಿಗೆಗೆ ಕೊಡತಕ್ಕದ್ದಲ್ಲ. ಕೊಟ್ಟಲ್ಲಿ ಪೂರ್ತಿ ಸಾಲವನ್ನು ಒಂದೇ ಸಲಕ್ಕೆ ವಸೂಲು ಮಾಡುವ ಹಕ್ಕು ಕಂಪನಿಗೆ ಇರತಕ್ಕದ್ದು.

ಆ 'ತಕ್ಕದ್ದು' ಓದಿ ಬಾಯಾರಿತು. ಎದ್ದು ನೀರು ಕುಡಿದೆ.

೧೦ ಜುಲೈ

ವಿಜ್ಞಾನದ ಚಾಂದ್ ಸರ್ ಸ್ಟಾಫ್ ರೂಮಿನಲ್ಲಿ ಹಣೆ ಹಿಡಿದುಕೊಂಡರು. ಊರಿನ ಅರ್ಧ ಮನೆಗಳು ಸಾಲದ ಮೇಲೆ ನಿಂತಿವೆ, ಅವುಗಳಲ್ಲಿ ಅರ್ಧ ಬಾಡಿಗೆಗೆ ಹೋಗಿವೆ, ಯಾವನೂ ಯಾರನ್ನೂ ಕೇಳಿಲ್ಲವಂತೆ.

"ಕೇಳಿದ್ರ ಇಲ್ಲಾ ಅಂತಾರ, ಟೀಚರ್. ಕೇಳಲಿಲ್ಲಂದ್ರ ಏನೂ ಅನ್ನಂಗಿಲ್ಲ. ಇಷ್ಟೇ ಫರಕ್."

ತರ್ಕ ಸರಿಯಾಗಿದೆ. ಆದರೆ ಹದಿನಾರು ವರ್ಷದಿಂದ ಮಕ್ಕಳಿಗೆ 'ಸ್ಟೆಪ್ ಬಿಡಬೇಡಿ, ಸ್ಟೆಪ್ಪಿಗೂ ಮಾರ್ಕ್ಸ್ ಇದೆ' ಎಂದು ಹೇಳಿದ ಬಾಯಿ ಇದು. ಅರ್ಜಿ ಬರೆದೆ. ರಜಿಸ್ಟರ್ ಪೋಸ್ಟ್. ರಸೀದಿಯನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿದ್ದೇನೆ. ಉಳಿದದ್ದು ಅವನು ನೋಡಿಕೊಳ್ಳಲಿ.

೧೩ ಜುಲೈ, ಭಾನುವಾರ

ಐನಾಪುರಕ್ಕೆ ಹೋಗಿ ಬಂದೆ. ಚಿತ್ತಾಪುರ, ಗುಂಡಗುರ್ತಿ, ಕಾಳಗಿ, ಚಿಂಚೋಳಿ. ಸೊಂಟ ಈಗ ಭೂಗೋಳದ ಪಾಠ ಮಾಡಬಲ್ಲದು.

ಊರಿನಲ್ಲಿ ಟೀಚರಿಗೆ ಕೊಡುವಂಥ ಖೋಲಿ ಒಂದೇ. ಸಾಯಬಣ್ಣ ಎಂಬವರದು. ಅರವತ್ತು ದಾಟಿದ ಮನುಷ್ಯ, ತಲೆಗೆ ಪಟಗ, ಹೆಗಲಿಗೆ ಕಂಬಳಿ, ನಲವತ್ತು ಕುರಿ. ಖೋಲಿ ಕಟ್ಟಿಸಿದ್ದು ಮಗಳು ಬಂದರೆ ಇರಲಿ ಎಂದು. ಹೆಂಡತಿ ತೀರಿ ಎರಡು ವರ್ಷವಾಯಿತಂತೆ, ಆಮೇಲೆ ಮಗಳ ಬರವೂ ಕಡಿಮೆಯಂತೆ.

ಬಾಡಿಗೆ ಮಾತಾಡಿದೆವು. ಯಾವೂರು ಎಂದು ಕೇಳಿದರು. ಶಹಾಬಾದ್ ಎಂದೆ. ಮನುಷ್ಯ ನೆಟ್ಟಗೆ ಕುಳಿತರು. ಅಳಿಯ ಬೀರೇಶ ವಾಡಿ ಜಂಕ್ಷನ್ನಿನಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದಾನೆ. ಅವನಿದ್ದ ಕ್ವಾರ್ಟರ್ಸಿನ ಛತ್ತು ಉದುರುತ್ತಿದೆ. ಬಾಗಿಲಿಗೆ ಕೆಂಪು ಗೀರು ಹಾಕಿ, ರಿಪೇರಿ ಆಗುವವರೆಗೆ ಖಾಲಿ ಮಾಡಿ ಎಂದಿದ್ದಾರೆ. ಮಗಳು ಉಮಾದೇವಿ ಬಸುರಿ. ಬಿ.ಪಿ. ಇದೆ, ದವಾಖಾನೆಯ ಹತ್ತಿರ ಇರಬೇಕೆಂದು ಡಾಕ್ಟರರ ತಾಕೀತು. ಗುಂಡಗುರ್ತಿಯ ಅತ್ತೆ ಹಣಮಮ್ಮ ಕಾಲು ಮುರಿದುಕೊಂಡು ಹೊರಸು ಹಿಡಿದಿದ್ದಾಳೆ. ವಾಡಿ, ಶಹಾಬಾದ್ ಎಲ್ಲ ಮನೆ ಹುಡುಕಿ ಆಯಿತು.

"ಅಕ್ಕೋರೆ, ನಿಮ್ಮ ಮನಿ ನನ್ನ ಮಗಳಿಗಿ ಕೊಡ್ರಿ. ನನ್ನ ಖೋಲಿ ನೀವು ತಗೋರಿ. ನಿಮ್ಮ ಬಾಡಿಗಿ ನೀವು ತಗೋರಿ, ನನ್ನದು ನಾ ತಗೋತೀನಿ. ಯಾರ ಹಂಗೂ ಬ್ಯಾಡ."

ಪಂಚಮಿ ದಿನ ಮನೆ ನೋಡಲು ಕಳಿಸಿರಿ ಎಂದೆ. ಅಷ್ಟರಲ್ಲಿ ಅನುಮತಿ ಬಂದಿರುತ್ತದೆ. ಸ್ಟೆಪ್ ಬಿಟ್ಟಿಲ್ಲವಲ್ಲ.

೨೬ ಜುಲೈ

ಬಂತು. ಕಂಪನಿಯ ಉತ್ತರ, ಇಂಗ್ಲಿಷಿನಲ್ಲಿ ಹನ್ನೆರಡು ಸಾಲು. ಕನ್ನಡದಲ್ಲಿ ಒಂದೇ ಪದ — ಇಲ್ಲ. ಸ್ವಂತ ವಾಸಕ್ಕೆಂದು ಕೊಟ್ಟ ಸಾಲವಂತೆ. ಕೊನೆಯಲ್ಲಿ, ನಮ್ಮ ಸೇವೆ ಹೇಗಿತ್ತು ತಿಳಿಸಿ ಎಂದು ಐದು ನಕ್ಷತ್ರ.

ಬೀರೇಶನಿಗೆ ಫೋನ್ ಮಾಡಿದೆ. ಹಳಿಯ ಮೇಲಿದ್ದರೆ ಎತ್ತುವುದಿಲ್ಲ. ಯಾವಾಗಲೂ ಹಳಿಯ ಮೇಲೇ ಇರುತ್ತಾನೆ.

ಅವ್ವನ ತೀರ್ಪು: ಹಬ್ಬದ ದಿನ ಬರಲಿ, ಉಂಡಿ ತಿನ್ನಲಿ, ಚಹಾ ಕುಡಿಯಲಿ. ಆಮೇಲೆ ನೀನೇ ಹೇಳು. ಇಲ್ಲ ಎನ್ನುವ ಖಾತೆ ನನಗೆ ಹಂಚಿಕೆಯಾಗಿದೆ.

೨೯ ಜುಲೈ, ಪಂಚಮಿ, ಮಧ್ಯಾಹ್ನ ೩.೩೦

ಬಂದರು. ಗೇಟು ಎಂದೂ ಮಾಡದ ಸದ್ದು ಮಾಡಿತು. ಯಾರೋ ಅದನ್ನು ಒಂದಿಷ್ಟು ಎತ್ತಿ ತೆರೆದ ಹಾಗೆ. ಅವ್ವ ಒಳಗಿನಿಂದ, "ಹೊಸಾ ಕೈ," ಎಂದಳು.

ಬೀರೇಶ ಕಡಿಮೆ ಮಾತಿನವನು. ಚಪ್ಪಲಿಯನ್ನು ಹಳಿಯ ಹಾಗೆ ಜೋಡಿಸಿ ಬಿಟ್ಟ. ಉಮಾದೇವಿಗೆ ಇಪ್ಪತ್ತನಾಲ್ಕು ಇರಬಹುದು. ಏಳು ತಿಂಗಳು. ಮನೆ ನೋಡಲು ಬಂದವಳು ಹಾಲ್ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ಹಿಂದಿನ ಸಣ್ಣ ಖೋಲಿಗೆ ಹೋಗಿ, ಕಿಟಕಿ ಮುಚ್ಚಿ ತೆರೆದು, ಗಾಳಿ ಎಲ್ಲಿಂದ ಬರುತ್ತದೆಂದು ಕೈಯಿಟ್ಟು ನೋಡಿದಳು. ಬಚ್ಚಲ ಹಂಡೆ ಎಷ್ಟು ನೀರು ಹಿಡಿಯುತ್ತದೆ ಎಂದು ಕೇಳಿದಳು.

ನಾನು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ಕ್ಷಮಿಸಿ, ಕಂಪನಿ ಒಪ್ಪಲಿಲ್ಲ. ಮೂರೇ ಪದ. ಚಹಾ ಮುಗಿಯಲಿ ಎಂದು ಕಾದೆ. ಚಹಾ ಮುಗಿಯಿತು. ಶೇಂಗಾ ಉಂಡಿ ಮುಗಿಯಲಿ ಎಂದು ಕಾದೆ. ಅಷ್ಟರಲ್ಲಿ ಅವ್ವ, ಬಾಣಂತನ ಎಲ್ಲಿ ಎಂದು ಕೇಳಿಬಿಟ್ಟಳು.

ಉಮಾದೇವಿ ಉಂಡಿ ಕೆಳಗಿಟ್ಟಳು. ಬೀರೇಶ, ನಾನೇ ಕಲಿತು ಮಾಡುತ್ತೇನೆ ಎಂದ. ಮೊಬೈಲಿನಲ್ಲಿ ವಿಡಿಯೋ ಇವೆಯಂತೆ. ಗಂಭೀರವಾಗಿ ಹೇಳಿದ.

ಅವ್ವ ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸದ್ದು. ಬರುವಾಗ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು. ಮೇಲೆ ಹಸಿರು ಖಣ.

ಆ ಖಣ ನನ್ನದು. ಅಂದರೆ, ನನ್ನ ಮದುವೆ ಇನ್ನೇನು ಆಗಿಯೇಬಿಡುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ತಂದದ್ದು. ಹದಿನೈದು ವರ್ಷ ಡಾಂಬರ್ ಗುಳಿಗೆಯ ನಡುವೆ ಮಲಗಿತ್ತು. ಪಾಪ, ಅದಕ್ಕೂ ಗಾಳಿ ಬೇಕಿತ್ತು.

"ನಾ ಗಂಡನ ಕಳಕೊಂಡಾಕಿ," ಅಂದಳು ಅವ್ವ. "ನಾವು ಬಸವಣ್ಣನ ಒಕ್ಕಲು, ನಮ್ಮಲ್ಲಿ ಆ ಎಣಿಕಿ ಇಲ್ಲ. ನಿಮ್ಮ ಮಂದ್ಯಾಗ ಹ್ಯಾಂಗೋ ನನಗ ಗೊತ್ತಿಲ್ಲ. ನಾ ಉಡಿ ತುಂಬಬಹುದೇನವಾ?"

ಉಮಾದೇವಿ ಎದ್ದು ನಿಂತು ಸೆರಗು ಒಡ್ಡಿದಳು.

ಅವ್ವ ಐದು ಸಲ ತುಂಬಿದಳು. ಇದು ನಿನ್ನ ತವರಮನಿ ಅಂತ ತಿಳಿ ಎಂದಳು. ನನ್ನ ಮೂರು ಪದ ಎಲ್ಲಿ ಹೋದವೋ.

ಅದೇ ದಿನ, ಸಂಜೆ ೫

ಅವರು ಹೋದ ಮೇಲೆ ಅವ್ವನಿಗೆ ಪುಟ ಮೂವತ್ತೊಂದನ್ನು ಮತ್ತೆ ಓದಿ ಹೇಳಿದೆ. ಅವಳು ಮೊರ ಕೊಡವುತ್ತ ಕೇಳಿದಳು.

"ಬಾಡಿಗಿಗಿ ಕೊಡಬ್ಯಾಡ ಅಂದಾರ. ಖರೇನೇ ಅದ. ಉಡಿ ತುಂಬಿದ ಮ್ಯಾಲ ಬಾಡಿಗಿ ಎಲ್ಲಿದು? ಮಗಳ ಕೈಯಾಗಿಂದ ತಗೋತಾರೇನ ಯಾರರ?"

ಹೀಗೆ ಕಂಪನಿಯೂ ಅವ್ವನೂ ಒಬ್ಬರನ್ನೊಬ್ಬರು ನೋಡದೆಯೇ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ಮಧ್ಯದಲ್ಲಿ ನಾನು.

ಹಾಗಾದರೆ ಐನಾಪುರದ ಬಾಡಿಗೆ ಎಲ್ಲಿಂದ ಎಂದೆ. ಅದು ನಿನ್ನ ಗಣಿತ ಎಂದಳು. ಜೊತೆಗೆ ತಿದ್ದುಪಡಿ: ಅವ್ವ ಐನಾಪುರಕ್ಕೆ ಬರುವುದಿಲ್ಲ.

"ನಾ ಬಂದ್ರ ಬಾಣಂತನ ಯಾರು ಮಾಡವರು, ನಿನ್ನ ಕಂಪನಿಯವರೇನ?"

೩೦ ಜುಲೈ

ಬೀರೇಶ ಡ್ಯೂಟಿ ಮುಗಿಸಿ ಒಬ್ಬನೇ ಬಂದ. ಬಾಡಿಗೆ ಇಲ್ಲ ಎಂದು ಕೇಳಿ ಮುಖ ಗಂಟು ಹಾಕಿಕೊಂಡ. ಪುಕ್ಕಟೆ ಇರುವವನಲ್ಲ ತಾನು ಎಂದ. ಮೆಟ್ಟಿಲ ಮೇಲೆ ಕುಳಿತ, ಒಳಗೆ ಬರಲಿಲ್ಲ. ಅವ್ವ, ನಾನು ಮಗಳನ್ನು ಕರೆದಿದ್ದೇನೆ, ಅಳಿಯ ಬೇಕಾದರೆ ಬರಲಿ ಬೇಡವಾದರೆ ಪ್ಲಾಟ್‌ಫಾರ್ಮಿನಲ್ಲಿ ಮಲಗಲಿ ಎಂದು ಗಾಳಿಗೆ ಹೇಳಿದಳು.

ಏಳಕ್ಕೆ ಸಾಯಬಣ್ಣನ ಫೋನ್. ಸುದ್ದಿ ಅಲ್ಲಿಗೂ ಮುಟ್ಟಿದೆ. ಹಿಂದೆ ಕುರಿಗಳ ಸದ್ದು. "ನನ್ನ ಮಗಳು ನಿಮ್ಮ ಮನಿ ಮಗಳಾದ ಮ್ಯಾಲ ನೀವು ನನ್ನ ಮನಿ ಮಗಳೇ ಅಲ್ಲೇನ್ರಿ ಅಕ್ಕೋರೆ. ಖೋಲಿ ಕೀಲಿ ಗ್ವಾಡಿ ಮಾಡದಾಗ ಇಟ್ಟೀನಿ. ಬಾಡಿಗಿ ಮಾತು ಎತ್ತಬ್ಯಾಡ್ರಿ."

ಈ ಕಡೆ ಸೊನ್ನೆ, ಆ ಕಡೆ ಸೊನ್ನೆ. ಸಮೀಕರಣ ಸರಿ ಹೋಯಿತು. ಇಂಥ ಲೆಕ್ಕವನ್ನು ಪರೀಕ್ಷೆಯಲ್ಲಿ ಯಾರೂ ಕೊಟ್ಟಿರಲಿಲ್ಲ.

ಬೀರೇಶ ಏಳುವಾಗ, ಗೇಟಾದರೂ ರಿಪೇರಿ ಮಾಡಿಕೊಡುತ್ತೇನೆ ಎಂದ. ಅವ್ವ, ಗೇಟಿಗೆ ಕೈ ಹಚ್ಚಿದರೆ ನೋಡು ಎಂದಳು.

೩೧ ಜುಲೈ

ಕಂಪನಿಗೆ ಎರಡನೆಯ ಪತ್ರ. ಮನೆಯನ್ನು ಬಾಡಿಗೆಗೆ ಕೊಟ್ಟಿಲ್ಲ. ಕೊಡುವುದೂ ಇಲ್ಲ. ತಾಯಿ ಇಲ್ಲೇ ವಾಸವಿರುತ್ತಾಳೆ. ತಾಯಿಯ ಉಡಿ ತುಂಬಿದ ಮಗಳು ಬಾಣಂತನಕ್ಕೆ ಬಂದು ಇರುತ್ತಾಳೆ. ತಮ್ಮ ಮಾಹಿತಿಗಾಗಿ.

'ಉಡಿ ತುಂಬಿದ' ಎಂಬುದಕ್ಕೆ ಇಂಗ್ಲಿಷ್ ಸಿಗಲಿಲ್ಲ. ಹಾಗೇ ಬರೆದೆ.

ಚಾಂದ್ ಸರ್ ಈ ಸಲ ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡರು.

೯ ಆಗಸ್ಟ್, ಐನಾಪುರ

ಖೋಲಿ ಚೆನ್ನಾಗಿದೆ. ಗೋಡೆಯ ಆಚೆ ನಲವತ್ತು ಕುರಿ. ಬೆಳಗಿನ ಐದಕ್ಕೆ ಒಂದು ಹೇಳುತ್ತದೆ, ಉಳಿದ ಮೂವತ್ತೊಂಬತ್ತು ಅನುಮೋದಿಸುತ್ತವೆ. ನನ್ನ ಒಂಬತ್ತನೆಯ ತರಗತಿಯೂ ಇಷ್ಟು ಶಿಸ್ತಿನದಲ್ಲ.

ಸಾಯಬಣ್ಣ ದಿನಾ ಸಂಜೆ ಒಂದು ತಂಬಿಗೆ ಹಾಲು ತರುತ್ತಾರೆ. ಬಾಗಿಲ ಹೊರಗೆ ನಿಂತು, ಅಲ್ಲಿ ಮಗಳು ಉಂಡಳಂತೇನು ಎಂದು ಕೇಳುತ್ತಾರೆ. ಮಗಳಿಗೆ ನೇರವಾಗಿ ಫೋನ್ ಮಾಡಬಹುದು. ಮಾಡುವುದಿಲ್ಲ. ನಾನು ಅವ್ವನಿಗೆ ಮಾಡಬೇಕು, ಅವ್ವ ಹೇಳಬೇಕು, ನಾನು ಇವರಿಗೆ ಹೇಳಬೇಕು. ಎರಡು ರೊಟ್ಟಿ, ಪುಂಡಿಪಲ್ಲೆ. ಆಗ ಅವರು ಹೋಗಿ ಉಣ್ಣುತ್ತಾರೆ.

೨೪ ಆಗಸ್ಟ್, ಭಾನುವಾರ, ಶಹಾಬಾದ್

ಕುಬುಸ, ಅಂದರೆ ಸೀಮಂತ, ಮಾಡಿದರು. ಉಮಾದೇವಿಯ ಎರಡೂ ಕೈ ತುಂಬ ಹಸಿರು ಬಳೆ. ಮಹೆವಿಶ ಅದೇ ಖಣದಲ್ಲಿ ಅವಳಿಗೆ ಕುಬುಸ ಹೊಲಿದು, ಉಳಿದ ತುಂಡಿನಲ್ಲಿ ಕೂಸಿಗೆ ಕುಂಚಿಗೆ ಹೊಲಿದಿದ್ದಾಳೆ. ಹುಟ್ಟದ ತಲೆಗೆ ಟೋಪಿ ರೆಡಿ.

ಎಲ್ಲರೂ ಹೋದ ಮೇಲೆ ನೋಡಿದರೆ ಕಂಪನಿಯ ಪತ್ರ. ನಾಲ್ಕು ದಿನದ ಹಿಂದೆ ಬಂದದ್ದು. ಅವ್ವ ಹಬ್ಬ ಕೆಡಬಾರದೆಂದು ಅಕ್ಕಿಡಬ್ಬಿಯಲ್ಲಿ ಇಟ್ಟಿದ್ದಳು. ಫೀಲ್ಡ್ ಆಫೀಸರ್ ಮನೆ ತಪಾಸಣೆಗೆ ಬರುತ್ತಾರೆ. ಸಾಲಗಾರರ ಕುಟುಂಬಕ್ಕೆ ಸೇರದವರು ವಾಸವಿದ್ದಲ್ಲಿ ಅವರನ್ನು ಬಾಡಿಗೆದಾರರೆಂದೇ ಪರಿಗಣಿಸಲಾಗುವುದು. ಪುಟ ಮೂವತ್ತೊಂದು ಅನ್ವಯಿಸುವುದು.

ಪೂರ್ತಿ ಸಾಲ. ಒಂದೇ ಸಲಕ್ಕೆ. ಮನೆ ಹೋಗುತ್ತದೆ — ಇಷ್ಟೇ ಉತ್ತರ, ಎಷ್ಟು ಸಲ ಮಾಡಿದರೂ.

ಹಿಂದಿನ ಖೋಲಿಗೆ ಹೋದರೆ ಉಮಾದೇವಿ ಸೀರೆ ಮಡಚಿ ಚೀಲಕ್ಕೆ ಹಾಕುತ್ತಿದ್ದಾಳೆ. ಪಿ.ಯು.ಸಿ. ಓದಿದವಳು. ಪತ್ರ ನನಗಿಂತ ಮೊದಲೇ ಓದಿದ್ದಾಳೆ.

"ಅಕ್ಕಾ, ನಿಮ್ಮ ಮನಿ ಹೋಗದು ಬ್ಯಾಡ್ರಿ. ನಾ ಅಪ್ಪನ ಹಂತ್ಯಾಕ ಹೋಗ್ತೀನಿ."

ಅಪ್ಪನ ಹತ್ತಿರ ಕುರಿ ಇವೆ. ದವಾಖಾನೆ ಇಲ್ಲ. ಬಿ.ಪಿ. ಮೀಟರ್ ಇಲ್ಲ. ಬಾಣಂತಿಗೆ ನೀರೆರೆಯಲು ಒಂದು ಹೆಣ್ಣು ಕೈ ಇಲ್ಲ.

ಅವಳ ಪಕ್ಕ ಕುಳಿತೆ. ನಾನು ಧೈರ್ಯಸ್ಥಳೇನೂ ಅಲ್ಲ. ಜಿರಲೆಗೆ ಸ್ಟೂಲ್ ಹತ್ತುವವಳು. ಆದರೆ ಸುಳ್ಳು ಎಲ್ಲಿ ಹೇಳಿದ್ದೇವೆ ಎಂದು ಹುಡುಕಿದೆ. ಸಿಗಲಿಲ್ಲ. ಸೀರೆ ಮಡಚಬೇಡ ಎಂದೆ. ಮಡಚಿದ್ದನ್ನು ಅವ್ವ ಬಂದು ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕಿದಳು. ಚೀಲವನ್ನು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

೧೪ ಸೆಪ್ಟೆಂಬರ್, ಶಹಾಬಾದ್

ಆಫೀಸರ್ ಬರಲಿಲ್ಲ. ಗೇಟು ಸದ್ದು ಮಾಡಿದಾಗಲೆಲ್ಲ ಬೀರೇಶನೂ ಸೇರಿ ನಾಲ್ವರೂ ಎದ್ದು ನಿಲ್ಲುತ್ತೇವೆ. ಹಾಲಿನವನು ಇಷ್ಟು ಗೌರವ ಎಂದೂ ಕಂಡಿರಲಿಲ್ಲ.

೨೩ ಸೆಪ್ಟೆಂಬರ್, ಬೆಳಿಗ್ಗೆ ೯

ಹೆಣ್ಣು. ಎರಡು ಕಿಲೋ ಎಂಟುನೂರು. ಬಾಣಂತಿ ಆರಾಮ. ಬಿ.ಪಿ. ಸದ್ಯ ಬೀರೇಶನಿಗಿದೆ.

ಸಾಯಬಣ್ಣನಿಗೆ ಫೋನ್ ಮಾಡಿದೆ. ಮೊದಲು ಕೇಳಿದ್ದು, ಮಗಳು ಉಂಡಳೇನು ಎಂದು.

೩ ಅಕ್ಟೋಬರ್, ಮಧ್ಯಾಹ್ನ ೨

ಬಂದ. ದಸರಾ ರಜೆ, ನಾನು ಮನೆಯಲ್ಲೇ. ಕೂಸಿಗೆ ಹನ್ನೊಂದು ದಿನ. ಹಿಂದಿನ ಖೋಲಿಯಲ್ಲಿ ಆಗಷ್ಟೇ ಎರೆದು, ಅಜವಾನದ ಹೊಗೆ ಹಾಕಿ ಮಲಗಿಸಿದ್ದೆವು. ಗೇಟು ಕಿರ್ರ್ ಎಂದದ್ದಕ್ಕೆ ಅವ್ವ, "ಸರಕಾರಿ ಕೈ," ಎಂದಳು. ಸರಕಾರಿ ಅಲ್ಲ ಖಾಸಗಿ ಎಂದು ತಿದ್ದುವ ಹೊತ್ತಲ್ಲ.

ಫೀಲ್ಡ್ ಆಫೀಸರನ ಹೆಸರು ಸಿದ್ದಲಿಂಗೇಶ. ಸೇಡಂ ಕಡೆಯ ಹುಡುಗ. ಬಿಸಿಲಿನಲ್ಲಿ ಬೈಕ್ ಹೊಡೆದುಕೊಂಡು ಬಂದು ಮುಖ ಕೆಂಪು. ಅವ್ವ ಮೊದಲು ನೀರು ಕೊಟ್ಟಳು, ಆಮೇಲೆ ಗುರುತಿನ ಚೀಟಿ ಕೇಳಿದಳು.

ಅವನ ಕೆಲಸದ ರೀತಿ ಹೀಗೆ: ಮೊಬೈಲಿನಲ್ಲಿ ಒಂದು ಆ್ಯಪ್. ಪ್ರತಿ ಖೋಲಿಯ ಫೋಟೋ ಹಾಕಬೇಕು. ಒಂದು ಬಿಟ್ಟರೂ ಮುಂದಿನ ಪುಟ ತೆರೆಯುವುದಿಲ್ಲ. ಹಾಲ್ ಆಯಿತು. ಅಡುಗೆಮನೆ ಆಯಿತು. ಹಿಂದಿನ ಖೋಲಿಯ ಪರದೆಯ ಮುಂದೆ ಅವ್ವ ನಿಂತಳು.

"ಒಳಗ ಬಾಣಂತಿ ಅದಾಳ. ಗಂಡಮಕ್ಕಳು ಹೋಗಂಗಿಲ್ಲ, ತಮ್ಮಾ."

ಅವನು ತನ್ನ ಮೊಬೈಲ್ ತೋರಿಸಿದ. ಆ್ಯಪ್ ಬಿಡುವುದಿಲ್ಲ ಎಂದ. ಆ್ಯಪ್ ಗಂಡೋ ಹೆಣ್ಣೋ ಎಂದಳು ಅವ್ವ. ಹುಡುಗ ನನ್ನ ಮುಖ ನೋಡಿದ. ನಾನು ಛತ್ತು ನೋಡಿದೆ. ಕೊನೆಗೆ ಮೊಬೈಲ್ ಅವ್ವನ ಕೈಗೆ ಕೊಟ್ಟ. ಅವಳು ಒಳಗೆ ಹೋಗಿ ತೆಗೆದು ತಂದಳು. ಮೊದಲನೆಯದರಲ್ಲಿ ಅವ್ವನ ಹೆಬ್ಬೆರಳು. ಎರಡನೆಯದರಲ್ಲಿ ಫರಸಿ. ಮೂರನೆಯದರಲ್ಲಿ ಹೊಗೆ, ಹೊಗೆಯ ನಡುವೆ ಹಸಿರು ಕುಂಚಿಗೆ, ಅದರೊಳಗೆ ಒಂದು ಮೂಗು. ಆ್ಯಪ್ ಒಪ್ಪಿಕೊಂಡಿತು.

ಮುಂದಿನ ಪುಟ: ವಾಸವಿರುವವರು, ಸಾಲಗಾರರಿಗೆ ಸಂಬಂಧ. ಪಟ್ಟಿ ತೆರೆಯಿತು. ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಬಾಡಿಗೆದಾರ, ಇತರೆ.

ತಂಗಿ ಎಂದು ಹಾಕಲೇ ಎಂದು ಅವನೇ ಮೆಲ್ಲಗೆ ಕೇಳಿದ. ದಾರಿ ತೋರಿಸುತ್ತಿದ್ದ, ಪಾಪ. ಒಂದೇ ಪದ. ಮನೆ ಉಳಿಯುತ್ತದೆ.

ಬಾಯಿಗೆ ಬಂದಿತ್ತು. ಆದರೆ ರಕ್ತಸಂಬಂಧದ ದಾಖಲೆ ಕೇಳಿದರೆ? ಅದಕ್ಕಿಂತ — ಸುಳ್ಳು ಹೇಳಿ ಉಳಿಸಿಕೊಂಡರೆ, ಅವ್ವ ತುಂಬಿದ ಉಡಿಯೂ ಸುಳ್ಳಾಗುತ್ತಿತ್ತು. ಅವಳು ನನ್ನ ಒಡಹುಟ್ಟಿದವಳಲ್ಲ, ಬೇಕಾದರೆ ಅವಳನ್ನೇ ಕೇಳಿ ಎಂದೆ.

ಹುಡುಗ ಪರದೆಯ ಹತ್ತಿರ ಹೋದ. ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಕೇಳಿದ. "ಅಕ್ಕೋರೆ, ನೀವು ಈ ಮನ್ಯಾಗ ಯಾಕ ಅದೀರಿ?"

ಒಳಗೆ ಬಳೆ ಸದ್ದು. ಕೂಸನ್ನು ಆ ಕೈಯಿಂದ ಈ ಕೈಗೆ ತೆಗೆದುಕೊಂಡಿರಬೇಕು.

"ಬಾಣಂತನಕ್ಕ ತವರಿಗೆ ಬಂದೀನ್ರಿ," ಎಂದಳು ಉಮಾದೇವಿ. ಯೋಚಿಸದೆ, ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವ ಹಾಗೆ.

ಅವ್ವ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತು ಬರಲಿಲ್ಲ.

ಎಷ್ಟು ದಿನ ಇರುತ್ತಾರೆ ಎಂದು ಹುಡುಗ ನನ್ನನ್ನು ಕೇಳಿದ. ಐದನೆಯ ತಿಂಗಳಿಗೆ ಕಳಿಸುವುದು ವಾಡಿಕೆ ಎಂದೆ. ವಾಡಿಯ ಕ್ವಾರ್ಟರ್ಸಿಗೂ ಆ ಹೊತ್ತಿಗೆ ಹೊಸ ಛತ್ತು ಬರುತ್ತದೆ. ಅವನು 'ಇತರೆ' ಒತ್ತಿ, ಎರಡು ಹೆಬ್ಬೆರಳಿನಿಂದ ಟೈಪ್ ಮಾಡಿದ. ಬಹಳ ಹೊತ್ತು ಮಾಡಿದ. ಏನು ಬರೆದನೋ ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಹೋಗುವಾಗ ಅವ್ವ ಅಂಟಿನ ಉಂಡಿ ಎರಡು ಕಟ್ಟಿಕೊಟ್ಟಳು. ಕಂಪನಿಯ ನಿಯಮದಲ್ಲಿ ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದ. ಇಲ್ಲೇ ತಿನ್ನು ಎಂದಳು. ತಿಂದ.

೧೮ ನವೆಂಬರ್, ಐನಾಪುರ

ಈ ಸಲ ಕನ್ನಡದಲ್ಲಿ ಬಂದ ಕಂಪನಿಯ ಪತ್ರವನ್ನು ಅವ್ವ ಫೋನಿನಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮಧ್ಯೆ ಉಮಾದೇವಿ ಕಸಿದುಕೊಂಡು ಪೂರ್ತಿ ಓದಿದಳು. ಹೆರಿಗೆ ನಿಮಿತ್ತ ಸಾಲಗಾರರ ತಾಯಿಯ ಬಳಿ ತಾತ್ಕಾಲಿಕ ವಾಸ. ಆರು ತಿಂಗಳವರೆಗೆ ಕಂಪನಿಯ ಆಕ್ಷೇಪಣೆ ಇರುವುದಿಲ್ಲ.

ಸಾಯಬಣ್ಣನಿಗೆ ಹೇಳಿದೆ. ಪಟಗ ಬಿಚ್ಚಿ ಮತ್ತೆ ಸುತ್ತಿಕೊಂಡರು. ಇಷ್ಟೇ. ಇವತ್ತು ಹಾಲು ಎರಡು ತಂಬಿಗೆ.

೨೨ ಫೆಬ್ರವರಿ ೨೦೨೬, ಭಾನುವಾರ, ಶಹಾಬಾದ್

ಮೂರು ತಿಂಗಳು ಬರೆಯಲಿಲ್ಲ. ಭಾನುವಾರ ಬರುವುದು, ಕೂಸನ್ನು ಎತ್ತಿಕೊಳ್ಳುವುದು, ಸೋಮವಾರ ಕತ್ತಲಲ್ಲಿ ಬಸ್ಸು. ಬರೆಯಲು ಕೈ ಖಾಲಿ ಇರಲಿಲ್ಲ.

ಇಂದು ಕಳಿಸಿದೆವು. ಐದು ತಿಂಗಳಿಗೆ ಒಂದು ದಿನ ಕಡಿಮೆ. ವಾಡಿ ಏನು ದೂರ. ರೈಲಿನಲ್ಲಿ ಹತ್ತು ಹದಿನೈದು ನಿಮಿಷ. ಆದರೂ ಅವ್ವ ಅಮೆರಿಕಕ್ಕೆ ಕಳಿಸುವ ಹಾಗೆ ಕಟ್ಟಿದಳು. ಶಾವಿಗೆ, ಸಂಡಿಗೆ, ಖಾರಪುಡಿ, ತೊಗರಿಬೇಳೆ. ಮತ್ತೆ ಉಡಿ ತುಂಬಿದಳು. ಈ ಸಲ ಕೇಳಲಿಲ್ಲ. ಉಮಾದೇವಿಯೂ ಕಾಯದೆ ಸೆರಗು ಒಡ್ಡಿ ನಿಂತಿದ್ದಳು.

ಟೆಂಪೋ ಬರುವ ಮೊದಲು ನಸುಕಿನಲ್ಲೇ ಬೀರೇಶ ಗ್ಯಾಂಗಿನ ಇಬ್ಬರನ್ನು ಕರೆತಂದು ಗೇಟು ಎತ್ತಿ, ಹೊಸ ಕೀಲು ಕೂರಿಸಿ, ಮಟ್ಟ ಹಿಡಿದು ನಿಲ್ಲಿಸಿದ್ದ. ಅವ್ವ ಎದ್ದು ನೋಡುವಷ್ಟರಲ್ಲಿ ಮುಗಿದಿತ್ತು. ಒಂದೇ ಬೆರಳಿನಿಂದ ತಳ್ಳಿ ತೋರಿಸಿದ. ಗೇಟು ಗಾಳಿಯ ಹಾಗೆ ಹೋಗಿ ಗಾಳಿಯ ಹಾಗೆ ಬಂತು. ಏನಾದರೊಂದು ಕೊಡದೆ ಹೋಗುವವನಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಅವ್ವ ಬೈಯಲಿಲ್ಲ. ಚಹಾ ಮೂರು ಕಪ್ ಮಾಡಿದಳು.

೧ ಮಾರ್ಚ್, ಭಾನುವಾರ, ಬೆಳಿಗ್ಗೆ ೧೦.೨೦

ನಿನ್ನೆ ಕಂಪನಿಯ ಪತ್ರ. ಹಿಂದಿನ ಜುಲೈ ಹತ್ತರ ತಮ್ಮ ಅರ್ಜಿಯನ್ನು ಹೊಸ ನಿಯಮಾವಳಿಯಂತೆ ಪುನಃ ಪರಿಶೀಲಿಸಲಾಗಿ, ಮನೆಯನ್ನು ಬಾಡಿಗೆಗೆ ಕೊಡಲು ಸಂತೋಷದಿಂದ ಅನುಮತಿ ನೀಡಲಾಗಿದೆ. ಐದು ನಕ್ಷತ್ರ.

ಅವ್ವನಿಗೆ ಓದಿ ಹೇಳಿದೆ. ರೊಟ್ಟಿ ತಿರುವಿ ಹಾಕಿದಳು.

"ಈಗ ಆ ಹುಡುಗಿಗಿ ತವರು ಆಗ್ಯಾದ ಇದು. ತವರಮನಿ ಬಾಡಿಗಿಗಿ ಕೊಡ್ತಾರೇನ, ದಾನವ್ವ?"

ಕೊಡುವುದಿಲ್ಲ. ಪತ್ರವನ್ನು ಕರಾರುಪತ್ರದ ಪುಟ ಮೂವತ್ತೊಂದರಲ್ಲಿ ಇಟ್ಟಿದ್ದೇನೆ, ಒಂದಕ್ಕೊಂದು ಜೊತೆ.

ಉಮಾದೇವಿ ಇವತ್ತು ಮೊದಲ ಸಲ ಕೂಸನ್ನು ಕಟ್ಟಿಕೊಂಡು ಹತ್ತರ ಗಾಡಿಗೆ ಬರುತ್ತೇನೆ ಎಂದಿದ್ದಾಳೆ. ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕಿವಿಗೊಡುತ್ತಾಳೆ. ಮತ್ತೆ ಬಡಿಯುತ್ತಾಳೆ. ಮತ್ತೆ ನಿಲ್ಲಿಸುತ್ತಾಳೆ. ಗೇಟು ಏನೂ ಹೇಳುವುದಿಲ್ಲ. ಹಾಲಿನವನು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಹಠಾತ್ತನೆ ಕಾಣಿಸಿಕೊಂಡು ಅವ್ವನ ಕೈಯಿಂದ ಹಿಟ್ಟಿನ ಉಂಡೆ ಬೀಳಿಸಿದ. ಮಹೆವಿಶ ಬಂದು, ಕುಳಿತು, ಎದ್ದು ಹೋದದ್ದೂ ಗೊತ್ತಾಗಲಿಲ್ಲವಂತೆ. ಅವ್ವ ಆಗಲೇ ಮೂರು ಸಲ ಹೊರಗೆ ಹೋಗಿ ನೋಡಿ ಬಂದಳು. ಈಗ ನಾಲ್ಕನೆಯದು.

ಆದ್ದರಿಂದ ಒಂದು ವಿನಂತಿ. ಈ ದಿನಚರಿ ಪುಸ್ತಕವನ್ನು ಯಾರೂ ಓದತಕ್ಕದ್ದಲ್ಲ. ಓದಿದ್ದೇ ಆದಲ್ಲಿ, ಮುಂದೆಂದಾದರೂ ಈ ಕಡೆ ಬಂದಲ್ಲಿ, ಗೇಟು ತೆರೆದ ಮೇಲೆ ಚಿಲಕವನ್ನು ದಯವಿಟ್ಟು ಎರಡು ಸಲ ಬಡಿಯಿರಿ. ಜೋರಾಗಿ ಬೇಡ, ಕೂಸು ಮಲಗಿರಬಹುದು. ಎರಡೇ ಸಲ. ಒಳಗೆ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕಿವಿಗೊಟ್ಟಿರುತ್ತಾಳೆ.